ಕೆನ್ನೆ ಸವೆಸಿದ ಮರ

ತಲೆಹರಟೆ ನನ್ನದೇ. ಅಂಕಲ್ ಕೊಂಡಿದ್ದ ಹಳೇ ಮಿಲಿಟರಿ ರೈಫಲ್ ತನ್ನ ಪಾಡಿಗೆ ತಾನಿತ್ತು. ಅದಕ್ಕೆ ಗುಂಡು ತುಂಬಿ ಕಳಚಿ ಹಾಕುವ ಮ್ಯಾಗಝೀನ್ ಡಬ್ಬಿ ಇದ್ದರೆ ಚೆನ್ನ ಎಂದು ಹುಳ ಬಿಟ್ಟವನು, ದೀಪಾವಳಿಯ ಪಟಾಕಿಗೂ ಕಿವಿ ಮುಚ್ಚಿಕೊಳ್ಳುವ ನಾನು.

ಅಮೆರಿಕದ ಸುವಾನಿಯಲ್ಲಿ ಅವರ ಮನೆಯ ಬೇಸ್‌ಮೆಂಟಿನಲ್ಲಿ ಬಾಡಿಗೆಗಿದ್ದೆ. ಅಂಕಲ್ ಮೈಸೂರಿನಿಂದ ಬಂದು ಇಲ್ಲೇ ಮುದುಕರಾದ ಡಾಕ್ಟರು. ನಾನು ಎಲ್ಲರ ದನಿ ಅನುಕರಿಸುವವನು: ಬಿ.ಪಿ. ನೋಡುವ ಮುನ್ನ ಅಂಕಲ್ ಗಂಟಲು ಸರಿಮಾಡಿಕೊಳ್ಳುವುದು, ಫೋನಿನಲ್ಲಿ ಆಂಟಿಯ ಇಂಗ್ಲಿಷ್, ಮೀಟಿಂಗಿನಲ್ಲಿ ಮ್ಯೂಟ್ ತೆಗೆಯದೆ ಭಾಷಣ ಬಿಗಿಯುವ ನಾನೇ.

ರೈಫಲ್ ಪೂರ್ವ ಯೂರೋಪಿನ ಯಾವುದೋ ಸೈನ್ಯ ಬೇಡವೆಂದು ಮಾರಿದ್ದು. ಗುಂಡಿನ ಡಬ್ಬಿ ಅದರ ಹೊಟ್ಟೆಗೇ ಅಂಟಿಕೊಂಡಿತ್ತು. ಭುಜಕ್ಕೆ ಆನಿಸುವ ಮರ ಒಂದು ಕಡೆ ಮಾತ್ರ ನುಣ್ಣಗೆ, ಕಪ್ಪಗೆ ಸವೆದಿತ್ತು. ಯಾರೋ ಬಹಳ ಕಾಲ ಕೆನ್ನೆಯೊತ್ತಿದ ಜಾಗ. ಅಂಕಲ್ ಅಲ್ಲಿ ಕೆನ್ನೆಯಿಟ್ಟು ತಕ್ಷಣ ತೆಗೆದರು. ಬೆಚ್ಚಗಿದೆ ಎಂದರು. ಗರಾಜಿನಲ್ಲಿ ನಮ್ಮ ಉಸಿರು ಹೊಗೆಯಾಗುವಷ್ಟು ಚಳಿ.

ಹೊರದೇಶದ ಇಂಥ ರೈಫಲ್‌ಗೆ ಕಳಚುವ ಮ್ಯಾಗಝೀನ್ ಹಾಕಬೇಕಾದರೆ, ಅದರ ವಿದೇಶಿ ಬಿಡಿಭಾಗಗಳು ಒಂದು ಮಿತಿ ದಾಟಬಾರದು, ಉಳಿದವು ಅಮೆರಿಕದಲ್ಲೇ ತಯಾರಾಗಿರಬೇಕು ಎಂಬ ಕಾನೂನಿದೆ. ಅಂಕಲ್ ಅದನ್ನು ರೋಗಿಯ ರಿಪೋರ್ಟಿನಂತೆ ಓದಿದರು. ಒಂದು ಮ್ಯಾಗಝೀನ್ ಅಲ್ಲಾಡುತ್ತದೆ, ಇನ್ನೊಂದು ಗುಂಡು ಸಿಕ್ಕಿಸುತ್ತದೆ ಎಂದು ಕೊಂಡವರು ಆನ್‌ಲೈನಿನಲ್ಲಿ ಬರೆದಿದ್ದರು. ಕೊನೆಗೆ ಇಲ್ಲಿಯದೇ ಉಕ್ಕಿನದೊಂದನ್ನು ಆರಿಸಿದೆವು. ಅದರ ಡಬ್ಬಿ, ಒಳಗೆ ಗುಂಡು ತಳ್ಳುವ ತಟ್ಟೆ, ತಳದ ಮುಚ್ಚಳ, ಮೂರೂ ಅಮೆರಿಕದ ಭಾಗಗಳ ಲೆಕ್ಕಕ್ಕೆ ಬಂದವು. ಆದರೂ ಒಂದು ಕೊರತೆ. ಸುಲಭವಾಗಿ ಬದಲಿಸಬಹುದಾಗಿದ್ದದ್ದು ಆ ಮರ.

ನಿಮ್ಮ ಮಂಡಿ, ಹಲ್ಲು, ಪಾಸ್‌ಪೋರ್ಟ್ ಎಲ್ಲ ಇಲ್ಲಿಯದೇ ಆಯ್ತಲ್ಲ ಅಂಕಲ್, ಈ ರೈಫಲ್‌ಗೂ ಸಿಟಿಜನ್‌ಶಿಪ್ ಕೊಡಿಸಿ ಎಂದೆ. ನಗುತ್ತಲೇ ಮರ ಬಿಚ್ಚಿದರು.

ಬಂದೂಕಿದ್ದ ಗರಾಜಿಗೆ ಆಂಟಿ ಕಾಲಿಡುತ್ತಿರಲಿಲ್ಲ. ಅವತ್ತು ಬಾಗಿಲಲ್ಲೇ ನಿಂತು, ಆ ಮರ ಏನು ಮಾಡ್ತೀರಿ ಎಂದು ಕೇಳಿದರು. ನಾಳೆ ಕಸದ ಗಾಡಿಗೆ ಎಂದರು ಅಂಕಲ್. ಆಂಟಿ ಒಳಗೆ ಹೋದರು.

ಆಂಟಿಯನ್ನು ಹೆದರಿಸೋಣ ಅನ್ನಿಸಿ ಕೆಳಗಿಳಿದೆ. ಬೇಸ್‌ಮೆಂಟಿನ ಹೀಟರಿನ ಕೊಳವೆ ನೇರ ಅಡುಗೆಮನೆಗೆ ಹೋಗುತ್ತದೆ. ಅದರ ಜಾಲರಿಗೆ ಬಾಯಿಟ್ಟೆ. ನಾನು ಅಂದುಕೊಂಡಿದ್ದು ಸಿನಿಮಾ ಸೈನಿಕನ ಗುಡುಗು. ಬಂದದ್ದು ತೆಳ್ಳಗಿನ, ಮೂಗಿನ ಎಳೆಯಿದ್ದ ಎಳೇ ದನಿ.

“ಅಕ್ಕಯ್ಯಾ, ನನ್ನ ಮರ ಎಸೀಬೇಡ ಕಣೇ. ಚಳಿ.”

ಮೇಲೆ ಮಿಕ್ಸಿ ನಿಂತಿತು.

“ಬಂದೆ ಇರೋ,” ಅಂದರು ಆಂಟಿ, ಪಕ್ಕದ ರೂಮಿನವರಿಗೆ ಹೇಳುವ ಹಾಗೆ.

ಮೇಲಕ್ಕೆ ಓಡಿದೆ. ಆಂಟಿ ಗರಾಜಿನ ಸ್ಟೂಲಿನ ಮೇಲೆ ಕೂತು, ಮರವನ್ನು ಮಡಿಲಲ್ಲಿಟ್ಟುಕೊಂಡು, ಸವೆದ ಜಾಗಕ್ಕೆ ಕೊಬ್ಬರಿ ಎಣ್ಣೆ ತಿಕ್ಕುತ್ತಿದ್ದರು. ಅಂಕಲ್ ಮುಖದಲ್ಲಿ ರಕ್ತವಿರಲಿಲ್ಲ. ಮಿಲಿಟರಿ ಸೇರಿದ್ದ ಅವಳ ತಮ್ಮ ಗಡಿಯಿಂದ ಹೆಣವಾಗಿಯೂ ಬರಲಿಲ್ಲ ಎಂದು ಪಿಸುಗುಟ್ಟಿದರು. ಅಕ್ಕಯ್ಯ ಅನ್ನುತ್ತಿದ್ದವನು ಅವನೊಬ್ಬನೇ. ಈ ಮನೆಯಲ್ಲಿ ಯಾರೂ ಅವನ ಸುದ್ದಿ ಎತ್ತುವುದಿಲ್ಲ. ನಾನಂತೂ ಅವತ್ತೇ ಮೊದಲು ಕೇಳಿದ್ದು.

ಮರ ಬದಲಿಸದೆ ಹೊಸ ಮ್ಯಾಗಝೀನ್ ಹಾಕಿದರೆ ಕಾನೂನು ಮೀರಿದಂತೆ ಎಂದು ಅಂಕಲ್ ಮೆಲ್ಲಗೆ ಹೇಳಿ ನೋಡಿದರು. ಆಂಟಿಯ ಕೈ ನಿಲ್ಲಲಿಲ್ಲ. ಅಂಕಲ್ ನನ್ನತ್ತ ನೋಡಿದರು.

ಆಂಟಿ, ಅದು ನಾನೇ, ಈ ರೈಫಲ್ ಬೇರೆ ದೇಶದ್ದು, ಬೇಕಾದರೆ ಇನ್ನೊಮ್ಮೆ ಮಾಡಿ ತೋರಿಸುತ್ತೇನೆ ಎಂದೆ. ಬಾಯಿ ತೆರೆದೆ. ಅಂಕಲ್ ದನಿ ಬಂತು, ಆಂಟಿಯದೂ ಬಂತು. ಆ ಎಳೇ ದನಿ ಮಾತ್ರ ಬರಲಿಲ್ಲ.

ಆಂಟಿ ತಲೆಯೆತ್ತಿದರು.

“ನೀನು ಎಲ್ಲರ ಮಿಮಿಕ್ರಿ ಮಾಡ್ತೀಯಲ್ಲ ಕಣೋ, ಅವನು ನಿಂದು ಮಾಡ್ದ ಅಷ್ಟೇ. ರೀ, ಮರ ವಾಪಸ್ ಹಾಕಿ.”