ಹಿತ್ತಲ ಕೋಣೆಯ ಮೂರು ದಿನ

ತೇರದಾಳದ ಆದಿನಾಥರ ಮನೆಯಲ್ಲಿ ಸೊಸೆ ನೇಹಾಳಿಗೆ ತಿಂಗಳಿಗೆ ಮೂರೇ ದಿನ ಬಿಡುವು. ಆ ಮೂರು ದಿನ ಅವಳು ಅಡುಗೆಮನೆಗೆ ಕಾಲಿಡುವಂತಿಲ್ಲ, ಕೊಡ ಮುಟ್ಟುವಂತಿಲ್ಲ, ಬಸದಿಗೆ ಹೋಗುವಂತಿಲ್ಲ. ಹಿತ್ತಲ ಕೋಣೆಯಲ್ಲಿ ಒಂದು ಚಾಪೆ, ಒಂದು ತಾಟು, ಒಂದು ತಂಬಿಗೆ, ಅವಳ ಲ್ಯಾಪ್‌ಟಾಪು. ಬಾಗಲಕೋಟೆಯಲ್ಲಿ ಇಂಜಿನಿಯರಿಂಗ್ ಓದುವಾಗ, ಮುಟ್ಟಾದವರು ದೂರ ಕೂಡಬೇಕೆನ್ನುವ ಈ ಪದ್ಧತಿಯ ವಿರುದ್ಧ ಹಾಸ್ಟೆಲಿನಲ್ಲಿ ಗಂಟಲು ಹರಿಯುವಂತೆ ವಾದಿಸಿದವಳು ಅವಳು. ಮದುವೆಯಾಗಿ ಎರಡು ವರ್ಷದಲ್ಲಿ ಆ ದಿನಗಳ ದಾರಿ ನೋಡುವಂತಾಗಿದ್ದಳು.

ಉಳಿದ ದಿನಗಳು ಅವಳವಲ್ಲ. ಹೊತ್ತು ಮುಳುಗುವ ಮೊದಲೇ ಉಂಡು ಮುಗಿಸುವ ಮನೆ ಅದು. ಮಧ್ಯಾಹ್ನದ ಪಾತ್ರೆಯ ನೀರು ಆರುವ ಮುನ್ನವೇ ಸಂಜೆಯ ಒಲೆ ಹೊತ್ತಬೇಕು. ಕುಡಿಯುವ ನೀರನ್ನು ದಪ್ಪ ಬಟ್ಟೆಯಲ್ಲಿ ಸೋಸಬೇಕು, ಸ್ವಲ್ಪ ಹೊತ್ತಾದರೆ ಮತ್ತೆ ಸೋಸಬೇಕು, ಬಟ್ಟೆ ಜಾಲಿಸಿದ ನೀರನ್ನು ಹುಳು ಸಾಯದಂತೆ ಬಾವಿಗೇ ಇಳಿಬಿಡಬೇಕು. ಈ ನೀರಿನ ಕೆಲಸಕ್ಕೆ ಮುಗಿಯುವುದು ಎನ್ನುವುದೇ ಇಲ್ಲ. ನಡುನಡುವೆ ಅವಳು ಲ್ಯಾಪ್‌ಟಾಪು ತೆರೆಯುತ್ತಿದ್ದಳು. ನಾಲ್ಕು ಸಾಲು ಬರೆಯುವಷ್ಟರಲ್ಲಿ ಯಾರಿಗೋ ಚಹಾ ಬೇಕಾಗುತ್ತಿತ್ತು.

ಕೊಲ್ಲಾಪುರದ ಸಣ್ಣ ಕಂಪನಿಯೊಂದು ಮೊಬೈಲಿಗೆ ಕ್ಯಾಲೆಂಡರ್ ಆ್ಯಪ್ ಮಾಡುತ್ತಿತ್ತು. ಅದರಲ್ಲಿ ನೇಹಾಳ ಪಾಲಿಗೆ ಬಂದದ್ದು ಮರುಕಳಿಸುವ ಕೆಲಸಗಳ ಭಾಗ. ಒಮ್ಮೆ ಬರೆದಿಟ್ಟರೆ ಸಾಕು. ವಾರಕ್ಕೊಮ್ಮೆಯೋ ತಿಂಗಳಿಗೊಮ್ಮೆಯೋ ಆ್ಯಪ್ ತಾನೇ ನೆನಪಿಸಬೇಕು. ಅಲ್ಲಿನ ಮನೀಷಾ, ಜಮಖಂಡಿಯ ತವರಿನವಳು, ನೇಹಾಳ ಮೇಲಿನ ಅಧಿಕಾರಿ. ಅವಳು ಫೋನಿನಲ್ಲಿ ನೇರವಾಗಿಯೇ ಹೇಳಿದ್ದಳು.

"ನೋಡವಾ, ಮುಂದಿನ ತಿಂಗಳ ಹದಿನೈದಕ್ಕ ಕೊಟ್ಟಿ ಅಂದ್ರ ನಿನ್ನ ಕಾಯಂ ಮಾಡ್ಕೋತಾರ. ಇಲ್ಲಂದ್ರ ಈ ಕೆಲಸ ಪುಣೇದಾಕಿಗೆ ಹೋಗತೈತಿ. ಆಮ್ಯಾಲ ನನ್ನ ಕೈಯಾಗ ಏನೂ ಇಲ್ಲ."

"ಆಗತೈತ್ರಿ ಅಕ್ಕಾರ" ಎಂದಳು ನೇಹಾ. ಹನ್ನೊಂದರಿಂದ ಅವಳ ಮೂರು ದಿನ ಬರುತ್ತಿದ್ದವು. ಅದನ್ನು ನಂಬಿಯೇ ಮಾತು ಕೊಟ್ಟಿದ್ದಳು.

ಪರೀಕ್ಷೆಗೆಂದು ಮನೆಯವರೆಲ್ಲರ ಫೋನಿಗೂ ಆ ಆ್ಯಪ್ ಹಾಕಿ, ಅವರನ್ನು ಒಂದು ಗುಂಪು ಮಾಡಿದ್ದಳು. ಅಷ್ಟಮಿ, ಚತುರ್ದಶಿ, ಗ್ಯಾಸ್ ಸಿಲಿಂಡರು, ಕರೆಂಟ್ ಬಿಲ್ಲು ಎಲ್ಲ ಎಲ್ಲರಿಗೂ ಕಾಣುತ್ತಿದ್ದವು. ತನ್ನ ದಿನಗಳನ್ನು ಮಾತ್ರ 'ನೇಹಾ, ದೂರ' ಎಂದು ಬರೆದು, ತನಗಷ್ಟೇ ಕಾಣುವಂತೆ ಮುಚ್ಚಿಟ್ಟಿದ್ದಳು. ಒಂದು ಬೆಳಿಗ್ಗೆ ರೊಟ್ಟಿ ತಟ್ಟುವ ನಡುವೆ, ಆ್ಯಪಿನಲ್ಲಿ ಹನ್ನೆರಡು ಎಂದಿದ್ದ ಆ ಲೆಕ್ಕವನ್ನು ಒಂದು ದಿನ ಹಿಂದಕ್ಕೆ, ಹನ್ನೊಂದಕ್ಕೆ ಸರಿಸಿದಳು. ಆ್ಯಪ್ ಕೇಳಿತು: ಇದೊಂದನ್ನೇ ಬದಲಿಸಲೋ, ಇದನ್ನೂ ಮುಂದಿನವನ್ನೂ ಬದಲಿಸಲೋ? ಅವಳು ಎರಡನೆಯದನ್ನು ಒತ್ತಿದಳು. ಹಾಗೆ ಒತ್ತಿದಾಗ ಹಳೆಯ ಸರಣಿ ಅಲ್ಲಿಗೆ ತುಂಡಾಗಿ ಹೊಸದೊಂದು ಹುಟ್ಟುತ್ತದೆ. ಹಳೆಯದರ ಹೆಸರು, ತಾರೀಖು, ಸಮಯ ಎಲ್ಲ ಹೊಸದಕ್ಕೆ ಹೋಗುವಂತೆ ಬರೆದಿದ್ದಳು. ಮುಚ್ಚಿಟ್ಟದ್ದು ಮುಚ್ಚಿಕೊಂಡೇ ಇರಬೇಕು ಎನ್ನುವುದನ್ನು ಬರೆಯಲು ಮರೆತಿದ್ದಳು. ಬಹುಶಃ ಆ ಸಾಲು ಬರೆಯುವ ಹೊತ್ತಿಗೇ ಹಾಲು ಉಕ್ಕಿತ್ತು.

ಆದಿನಾಥರ ಫೋನು ಪಶು ಆಹಾರದ ಅಂಗಡಿಯ ಗಲ್ಲೆಯ ಮೇಲಿತ್ತು. ಹಿಂಡಿ ಒಯ್ಯಲು ಬಂದಿದ್ದ ಹುಲೆಪ್ಪ ಅದರತ್ತ ಬಗ್ಗಿ ನೋಡಿದ.

"ಸಾವಕಾರ್ರ, ನಿಮ್ಮ ಸೊಸಿ ಹನ್ನೊಂದಕ್ಕ ದೂರದ ಊರಿಗೆ ಹೊಂಟಾರೇನ್ರಿ? ಇದರಾಗ ಬಂದೈತಿ ನೋಡ್ರಿ."

ತನ್ನ ದಿನಗಳು ಎಲ್ಲರ ಫೋನಿನಲ್ಲೂ ತೆರೆದುಕೊಂಡದ್ದು ಅಷ್ಟರಲ್ಲಿ ನೇಹಾಳಿಗೂ ಗೊತ್ತಾಗಿತ್ತು; ಸಂಜೆ ಮಾವ ಮನೆಗೆ ಬಂದಾಗ ಅವಳು ನಾಚಿಕೆಯಿಂದ ಬಾಗಿಲ ಹಿಂದೆ ನಿಂತಳು. ಬೈಗುಳ ಬರಲಿಲ್ಲ. ಬಂದಿದ್ದರೇ ಚೆನ್ನಾಗಿತ್ತು.

"ಛಲೋ ಮಾಡ್ಯಾಳಲೇ ನಿನ್ನ ಹೆಂಡತಿ" ಎಂದು ಆದಿನಾಥರು ಮಗ ಸಿದ್ಧಾಂತನಿಗೆ ಫೋನು ತೋರಿಸಿದರು. "ಮೊದಲ ಗೊತ್ತಾದ್ರ ಎಲ್ಲಾ ಹೊಂದಿಸಿಕೊಳ್ಳಾಕ ಬರತೈತಿ. ನೋಡು, ಹತ್ತರಿಂದ ನಮ್ಮ ಮನ್ಯಾಗ ಚೌಕ."

ಊರಲ್ಲಿ ಆ ವರ್ಷ ಮುನಿಗಳು ಚಾತುರ್ಮಾಸಕ್ಕೆ ನಿಂತಿದ್ದರು. ಅವರು ದಿನಕ್ಕೊಮ್ಮೆ ಮಾತ್ರ, ಯಾವುದಾದರೊಂದು ಮನೆಯಲ್ಲಿ ಆಹಾರ ಸ್ವೀಕರಿಸುತ್ತಾರೆ. ಆ ಆಹಾರಕ್ಕಾಗಿ ಮಡಿಯಲ್ಲಿ ಹೂಡುವ ಅಡುಗೆಯೇ ಚೌಕ. ಹಿಟ್ಟು ಅಂದಂದೇ ಬೀಸಬೇಕು, ನೀರು ಆಗಾಗಲೇ ಸೇದಬೇಕು. ಒಂದು ವಾರ ಇವರ ಮನೆಯ ಪಾಳಿ.

"ಗುಳಿಗಿ ತರಸಿದ್ರಾತು. ಎಂಟು ದಿನ ಮುಂದ ಹೋಗತೈತಿ, ಅಷ್ಟ" ಎಂದ ಸಿದ್ಧಾಂತ, ಕರೆಂಟ್ ಬಿಲ್ಲಿನ ತಾರೀಖು ಮುಂದೂಡಿದಷ್ಟು ಸಲೀಸಾಗಿ. ಮರುದಿನ ಔಷಧಿ ಅಂಗಡಿಯಿಂದ ಗುಳಿಗೆ ತಂದು, ಗೂಡಿನಲ್ಲಿ ಬಾಚಣಿಗೆಯ ಪಕ್ಕ ಇಟ್ಟ.

"ನನಗ ಹದಿನೈದಕ್ಕ ಕೆಲಸ ಮುಗಸೂದೈತ್ರಿ" ಎಂದಳು ನೇಹಾ.

"ಮುಗಸಲ್ಲಾ, ಯಾರ ಬ್ಯಾಡ ಅಂದಾರ? ಮನ್ಯಾಗ ಇರತೀಯಲಾ."

ಮನೆಯಲ್ಲಿರುವುದೇ ತೊಂದರೆ ಎಂದು ಹೇಗೆ ಹೇಳುವುದು? ಆ ಮನೆಯಲ್ಲಿ ಅವಳಿಗೆ ಒಂದು ಬಾಗಿಲೂ ಇರಲಿಲ್ಲ, ಹಾಕಿಕೊಳ್ಳಲು. ಇದ್ದದ್ದು ಆ ಹೊರಗಿನ ಕೋಣೆಯೊಂದೇ.

ಗುಳಿಗೆಯನ್ನು ಅವಳು ದಿನವೂ ಎಲ್ಲರೆದುರು ಬಾಯಿಗೆ ಹಾಕಿಕೊಂಡು, ಬಚ್ಚಲಲ್ಲಿ ಉಗುಳಿದಳು. ಹನ್ನೊಂದರ ಮುಂಜಾನೆ, ಚೌಕದ ಎರಡನೇ ದಿನ, ಅಡುಗೆಮನೆಯ ಹೊಸ್ತಿಲ ಹೊರಗೆ ನಿಂತು ಹೇಳಿದಳು.

"ಅತ್ತೀ, ನಾ ಹೊರಗಾದ್ನಿರಿ."

ಅತ್ತೆ ಬಾಳವ್ವ ಗೋಧಿ ಬೀಸುತ್ತಿದ್ದಳು. ಬೀಸುವ ಕಲ್ಲು ನಿಂತಿತು. ಆದಿನಾಥರು ಔಷಧಿ ಅಂಗಡಿಯವನನ್ನು ಬೈದರು, ಸಿದ್ಧಾಂತ ಗುಳಿಗೆ ಮಾಡಿದ ಕಂಪನಿಯನ್ನು ಬೈದ. ಬಾಳವ್ವ ಯಾರನ್ನೂ ಬೈಯಲಿಲ್ಲ. ಎದ್ದು, ಮೊಣಕಾಲ ಮೇಲೆ ಕೈಯೂರಿ, ಬಾವಿಯತ್ತ ನಡೆದಳು.

ನೇಹಾ ಚಾಪೆಯ ಮೇಲೆ ಕೂತು ಕೆಲಸ ಹಿಡಿದಳು. ಮುಚ್ಚಿಟ್ಟದ್ದು ತೆರೆದುಕೊಂಡ ತಪ್ಪನ್ನು ಮೊದಲು ತಿದ್ದಿದಳು. ಮೂವತ್ತೊಂದನೇ ತಾರೀಖೇ ಇಲ್ಲದ ತಿಂಗಳಲ್ಲಿ ಏನಾಗಬೇಕೆಂದು ತೀರ್ಮಾನಿಸಿದಳು. ಒಬ್ಬರು ಬರೆದ ಕೆಲಸವನ್ನು ಇನ್ನೊಬ್ಬರಿಗೆ ಕಳಿಸುವುದು, ಬಂದವರು ಒಪ್ಪುವುದು ಇಲ್ಲವೇ ಒಲ್ಲೆನ್ನುವುದು, ಎಲ್ಲ ಕೂಡಿಸಿದಳು. ಗೋಡೆಯಾಚೆ ರಾಟೆ ಕಿರುಗುಟ್ಟುತ್ತಿತ್ತು. ಕೊಡ ಮೇಲೆ ಬಂದು ಕಟ್ಟೆಯ ಮೇಲೆ ಕೂತಾಗ ಬಾಳವ್ವನ ಏದುಸಿರು ಕೇಳುತ್ತಿತ್ತು. ಮತ್ತೆ ರಾಟೆ. ನೇಹಾ ಕಿವಿಗೆ ಹತ್ತಿ ಇಟ್ಟುಕೊಂಡಳು.

ಅಂಗಳದಲ್ಲಿ ಸಿದ್ಧಾಂತ ಬಿಳಿ ಧೋತ್ರ ಉಟ್ಟು, ಮುನಿಗಳನ್ನು ಬರಮಾಡಿಕೊಳ್ಳಲು ಕಳಶ ಹಿಡಿದು ನಿಂತಿದ್ದ. ಅವನೂ ಮಡಿಯಲ್ಲೇ ಇದ್ದ. ಬಾವಿ ಅವನಿಗೆ ಹತ್ತು ಹೆಜ್ಜೆಯೂ ಇರಲಿಲ್ಲ.

ಮೂರನೇ ದಿನ ಬಾಳವ್ವ ಊಟದ ತಾಟನ್ನು ಹೊಸ್ತಿಲಲ್ಲಿಟ್ಟು, ಅಲ್ಲೇ ಕೆಳಗೆ ಕೂತಳು. ಮೊಣಕಾಲು ಬಾತು ಸೀರೆಯೊಳಗೂ ಕಾಣುತ್ತಿತ್ತು.

"ಗುಳಿಗಿ ನುಂಗಿಲ್ಲ ನೀ" ಎಂದಳು ಮೆಲ್ಲಗೆ.

ನೇಹಾ ತಾಟನ್ನು ಹತ್ತಿರ ಎಳೆದುಕೊಂಡಳು.

"ಹೆದರಬ್ಯಾಡ, ನಾ ಯಾರ ಮುಂದೂ ಆಡಾಕಿ ಅಲ್ಲ. ನಮ್ಮ ಕಾಲಕ್ಕ ಗುಳಿಗಿ ಇರಲಿಲ್ಲ. ಮೂರು ದಿನ ಈ ಕ್ವಾಣ್ಯಾಗ ನಾ ಹೆಣದಂಗ ಮಲಗತಿದ್ನಿ. ಮುಗದೈತಿ ಅಂತ ಹೇಳಾಕ ಮನಸ ಬರತಿರಲಿಲ್ಲ, ಖರೆ ಹೇಳತೇನಿ."

"ಅವಾಗ ನೀರು ಯಾರು ಸೇದತಿದ್ರು ಅತ್ತೀ?"

"ನಮ್ಮತ್ತಿ."

"ಈಗ ನೀರು ಸೇದಾಕ ನಿಮ್ಮ ಮಗನ್ನ ಹಚ್ಚರಿ."

ಬಾಳವ್ವನಿಗೆ ನಗು ಬಂತು. "ಅವಾ ಸೋಸಿದ್ದನ್ನ ಮತ್ತ ನಾನ ಸೋಸಬೇಕಾಗತೈತಿ, ಬಿಡು." ಗೋಡೆ ಹಿಡಿದು ಏಳುತ್ತ ನಗು ನಿಲ್ಲಿಸಿದಳು. "ನೇಹಾ, ಮುಂದಿನ ಸಲ ಏನಾರ ಇದ್ರ ಗುಳಿಗಿ ನುಂಗವಾ. ಸಿಟ್ಟಿಲೆ ಹೇಳಾಕತ್ತಿಲ್ಲ. ನನ್ನ ಕೈಲೆ ಆಗೂದಿಲ್ಲ."

ಹದಿನೈದಕ್ಕೆ ಮೊದಲೇ ನೇಹಾ ಕೆಲಸ ಕಳಿಸಿದಳು. ಮನೀಷಾ ಎಲ್ಲ ಒತ್ತಿ ನೋಡಿ, "ಒಂದೂ ತಪ್ಪಿಲ್ಲವಾ. ನೀ ಕಾಯಂ ಆದಿ" ಎಂದಳು. "ಇನ್ನ ತಿಂಗಳಾ ತಿಂಗಳಾ ಇಂಥಾದ್ದೊಂದ ಮುಗಸಬೇಕ ನೋಡು."

"ಹೂಂರಿ" ಎಂದಳು ನೇಹಾ. ಸಂತೋಷ ಆಗಲೇಬೇಕಿತ್ತು, ಆಯಿತು ಕೂಡ. ಮೂರು ದಿನ ಸಿಕ್ಕಿದ್ದಕ್ಕೆ ಸಿಕ್ಕ ಕೆಲಸ ಅದು. ತಿಂಗಳು ತಿಂಗಳೂ ಅದನ್ನು ಉಳಿಸಿಕೊಳ್ಳಲು ತಿಂಗಳು ತಿಂಗಳೂ ಆ ಮೂರು ದಿನ ಬೇಕು.

ಅದೇ ಸಂಜೆ ಅವಳ ಫೋನಿಗೆ ಮಾವನಿಂದ ಒಂದು ಸಂದೇಶ ಬಂತು. ಅವಳು ತಿದ್ದಿ ಎಲ್ಲರ ಫೋನಿಗೂ ಹಾಕಿಕೊಟ್ಟಿದ್ದ ಹೊಸ ಆ್ಯಪಿನಲ್ಲಿ ಅವರೇ ಕಲಿತು ಬರೆದದ್ದು: 'ನೇಹಾ, ಗುಳಿಗೆ. ಹಬ್ಬ, ಚೌಕ ಇದ್ದ ತಿಂಗಳು ತಪ್ಪದೆ.' ಕೊನೆಯ ದಿನ ಎಂಬಲ್ಲಿ ಏನೂ ಇರಲಿಲ್ಲ. ಕೆಳಗೆ ಎರಡು ಗುಂಡಿ: ಒಪ್ಪಿದೆ, ಒಲ್ಲೆ.

ಅವಳು ಅದನ್ನು ಹಾಗೇ ಬಿಟ್ಟು ತಾನೂ ಒಂದು ಬರೆದಳು: 'ಸಿದ್ಧಾಂತ, ಬಾವಿಯಿಂದ ನೀರು. ದಿನಾಲೂ ಮುಂಜಾನೆ.' ಕಳಿಸಿದಳು. ಪಡಸಾಲೆಯಲ್ಲಿ ಅವನ ಫೋನು ಟಿಂಗೆಂದಿತು.

"ಏನಲೇ ಇದು, ಚ್ಯಾಷ್ಟಿ?" ಎಂದು ಅಲ್ಲಿಂದಲೇ ನಕ್ಕ. ಒಲ್ಲೆ ಎಂದು ಒತ್ತಿದ. ಇದೊಂದೋ, ಮುಂದಿನವೆಲ್ಲವೋ ಎಂದು ಆ್ಯಪ್ ಕೇಳಿರಬೇಕು. ಅವನು ಎಲ್ಲವನ್ನೂ ಒತ್ತಿದ್ದ. ನೇಹಾಳ ಫೋನಿನಿಂದ ಆ ಸರಣಿ ಪೂರ್ತಿ ಅಳಿಸಿಹೋಯಿತು, ಒಂದು ದಿನವೂ ಉಳಿಯದಂತೆ. ಅವಳು ಬರೆದದ್ದು ಸರಿಯಾಗಿಯೇ ಕೆಲಸ ಮಾಡಿತ್ತು.

ಅವಳ ಹೆಬ್ಬೆರಳೂ ಮಾವನ ಸಂದೇಶದ ಒಲ್ಲೆಯ ಮೇಲೆ ಹೋಯಿತು. ಅಷ್ಟರಲ್ಲಿ ಹಿತ್ತಲಲ್ಲಿ ಕೊಡ ಕಟ್ಟೆಗೆ ತಾಗಿದ ಸದ್ದು, ಅದರ ಹಿಂದೆಯೇ ಬಾಳವ್ವನ "ಅವ್ವಾ" ಎಂಬ ನರಳಿಕೆ ಕೇಳಿದವು.

"ಬಿಡ್ರಿ ಅತ್ತೀ, ಬಂದ್ನಿ" ಎಂದು ನೇಹಾ ಎದ್ದಳು. ಫೋನನ್ನು ಹಾಸಿಗೆಯ ಮೇಲೆ ಬೋರಲು ಹಾಕಿದಳು. ಎರಡು ಗುಂಡಿಗಳಲ್ಲಿ ಯಾವುದನ್ನೂ ಒತ್ತಿರಲಿಲ್ಲ.