ಅಪ್ಪನ ಕಾಲಿಗೆ ಹೋದ ಛತ್ರ

ನನ್ನ ಮದುವೆಗೆ ಶಿಡ್ಲಘಟ್ಟದಲ್ಲಿ ಒಂದು ಛತ್ರ ನೋಡಿಟ್ಟಿದ್ದೆವು. ಎಂಥ ಛತ್ರ ಅಂತೀರಿ! ಬಾಗಿಲಲ್ಲೇ ಕಾರಂಜಿ, ಮೆಟ್ಟಿಲ ಎರಡೂ ಬದಿಗೆ ಸೊಂಡಿಲೆತ್ತಿದ ಸಿಮೆಂಟಿನ ಆನೆ. ನಿಜ ಹೇಳಬೇಕೆಂದರೆ, ಗಂಡನ್ನು ಒಪ್ಪುವ ಮೊದಲೇ ನಾನು ಆ ಆನೆಗಳನ್ನು ಒಪ್ಪಿಬಿಟ್ಟಿದ್ದೆ. ರೇಷ್ಮೆಗೂಡು ಮಾರಿದ ದುಡ್ಡನ್ನು ಅಪ್ಪ ಬೆಳೆಯಿಂದ ಬೆಳೆಗೆ ಅದಕ್ಕೆಂದೇ ಕೂಡಿಟ್ಟಿದ್ದ.

ಇನ್ನೇನು ಲಗ್ನಪತ್ರಿಕೆ ಅಚ್ಚಿಗೆ ಹೋಗಬೇಕು, ಅಷ್ಟರಲ್ಲಿ ಅಪ್ಪನ ಬಲಗಾಲಿಗೆ ಹಿಪ್ಪುನೇರಳೆಯ ಮೋಟು ಚುಚ್ಚಿತು. ಜಂಗಮಕೋಟೆ ಹತ್ತಿರದ ನಮ್ಮ ತೋಟದಲ್ಲಿ ಸೊಪ್ಪು ಕೊಯ್ದ ಮೇಲೆ ಉಳಿಯುವ ಮೋಟುಗಳು ಮೊಳೆಯಂತಿರುತ್ತವೆ. ಚಪ್ಪಲಿ ಮೆಟ್ಟಿಕೋ ಅಂದರೆ, ಭೂಮಿತಾಯಿಯ ಮೇಲೆ ಯಾರಾದರೂ ಚಪ್ಪಲಿ ಮೆಟ್ಟುತ್ತಾರಾ ಅನ್ನುವ ಆಸಾಮಿ ಅವನು. ಭೂಮಿತಾಯಿ ಸರಿಯಾಗಿಯೇ ಆಶೀರ್ವಾದ ಮಾಡಿದಳು.

ರೇಷ್ಮೆಹುಳು ಸಾಕುವ ನಮ್ಮ ಹುಳುಮನೆಯಲ್ಲಿ ಒಂದು ಡಬ್ಬಿ ಇರುತ್ತಿತ್ತು. ಹುಳುಗಳು ಸಪ್ಪಗಾಗಿ ಸೊಪ್ಪು ತಿನ್ನದೆ ಬಿದ್ದುಕೊಂಡರೆ, ಮೆಡಿಕಲ್ ಸ್ಟೋರಿನಿಂದ ಮನುಷ್ಯರು ನುಂಗುವ ಆಂಟಿಬಯಾಟಿಕ್ ಕ್ಯಾಪ್ಸೂಲನ್ನೇ ತಂದು, ಬಿಚ್ಚಿ, ನೀರಲ್ಲಿ ಕದಡಿ ಸೊಪ್ಪಿಗೆ ಚಿಮುಕಿಸುವುದು ಅಪ್ಪನ ರೂಢಿ. ಹುಳು ತಿಂದು ಮಿಕ್ಕಿದ್ದು ಅವನಿಗೆ. ನೆಗಡಿಗೆ ಒಂದು, ಮೈಕೈ ನೋವಿಗೆ ಎರಡು. ಸ್ವಲ್ಪ ಹಗುರಾದ ಕೂಡಲೇ, ಉಳಿದಿದ್ದು ಹುಳುಗಳಿಗಿರಲಿ ಎಂದು ಡಬ್ಬಿ ಮುಚ್ಚಿಬಿಡುವ ಧಾರಾಳ ಬೇರೆ. ಕಾಲಿಗೂ ಅದೇ ವೈದ್ಯ ನಡೆಯಿತು. ವಾರ ಕಳೆಯುವುದರೊಳಗೆ ಕಾಲು ಕುಂಬಳಕಾಯಿಯಾಗಿ, ಚಳಿಜ್ವರ ಬಂದು, ಚಿಕ್ಕಬಳ್ಳಾಪುರದ ಒಂದು ಆಸ್ಪತ್ರೆಯಲ್ಲಿ ಮಲಗಿಸಬೇಕಾಯಿತು.

ಕೀವಿನ ಪರೀಕ್ಷೆಯ ರಿಪೋರ್ಟ್ ಹಿಡಿದು ಬಂದ ಡಾಕ್ಟರಮ್ಮ, ಇದಕ್ಕೆ ಮುಂಚೆ ಯಾವ ಮಾತ್ರೆ ತಗೊಂಡಿದ್ದರು ಎಂದು ಅಮ್ಮನನ್ನು ಕೇಳಿದರು.

"ಇವ್ರಿಗೇ ಅಂತ ಏನೂ ತಂದಿಲ್ಲ ಮೇಡಂ. ರೇಷ್ಮೆ ಹುಳಕ್ಕೆ ತಂದಿದ್ರಲ್ಲೇ ಒಂದೊಂದು ತಗೊಳ್ತಿದ್ರು" ಅಂದಳು ಅಮ್ಮ, ಅದೇನೋ ಮಿತವ್ಯಯ ಎಂಬಂತೆ.

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ನನಗೆ ಹಾಳು ನಗು, ಹೊತ್ತುಗೊತ್ತಿಲ್ಲದೆ ಕಿಸಕ್ಕನೆ ಬಂತು. ಆಮೇಲೆ ಅವರು ಹೇಳಿದ್ದು ಕೇಳಿ ನಗು ಎಲ್ಲಿ ಹೋಯಿತೋ. ಹೀಗೆ ಅರ್ಧಂಬರ್ಧ ನುಂಗಿ ನುಂಗಿ ಕ್ರಿಮಿಗಳು ಪಳಗಿಬಿಟ್ಟಿವೆ, ಮಾಮೂಲಿ ಔಷಧಿಗೆ ಜಗ್ಗುವುದಿಲ್ಲ. ದುಬಾರಿ ಇಂಜೆಕ್ಷನ್ ಒಂದೇ ದಾರಿ, ವಾರಗಟ್ಟಲೆ ಬೇಕು. ಅದಕ್ಕೂ ಬಗ್ಗದಿದ್ದರೆ ಕಾಲು ತೆಗೆಯಬೇಕಾಗುತ್ತದೆ.

ಒಂದು ಸೀಸೆಗೆ ನಾಲ್ಕೈದು ಕಿಲೋ ಗೂಡಿನ ದುಡ್ಡು. ಅದೂ ದಿನಕ್ಕೆ ಮೂರು ಹೊತ್ತು, ಊಟದ ಹಾಗೆ. ಮೊದಲು ನನ್ನ ಮದುವೆಯ ವಾಲಗ ಹೋಯಿತು. ಆಮೇಲೆ ಹೂವಿನ ಮಂಟಪ, ಹೋಳಿಗೆ, ಕಾರಂಜಿ. ಕೊನೆಗೆ ನನ್ನ ಎರಡು ಆನೆಗಳೂ ಒಂದರ ಹಿಂದೊಂದು ಆ ಸಣ್ಣ ಸೂಜಿಯೊಳಗೆ ತೂರಿ ಅಪ್ಪನ ಮೈಸೇರಿದವು. ನಾನು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಲೆಕ್ಕ ಹಾಕಿ ಹಾಕಿ ನಗುತ್ತಿದ್ದೆ. ಅಮ್ಮ, ಇವಳಿಗೇನು ಗಾಳಿ ಸೋಕಿತೋ ಅಂತ ಹಣೆಗೆ ವಿಭೂತಿ ಹಚ್ಚಿದಳು.

ಬೆಲೆ ಗೊತ್ತಾದರೆ ಅಪ್ಪ ಒಂಟಿಕಾಲಲ್ಲಾದರೂ ಊರಿಗೆ ಓಡಿಬರುವವನೇ. ಅದಕ್ಕೆ, ಎಲ್ಲ ಸರ್ಕಾರಿ ಕಾರ್ಡಿನಲ್ಲೇ ಆಗುತ್ತಿದೆ ಎಂದು ಅಮ್ಮ ಸುಳ್ಳು ಹೇಳಿದಳು. ಅವನ ಜಂಬ ನೋಡಬೇಕಿತ್ತು! ಪಕ್ಕದ ಮಂಚದವರಿಗೆಲ್ಲ ನೀವೂ ಇದನ್ನೇ ಹಾಕಿಸಿಕೊಳ್ಳಿ ಅಂತ ಶಿಫಾರಸು. ನರ್ಸಮ್ಮ ಬಂದರೆ, ಹೆಂಗಿದ್ರೂ ಪುಕ್ಕಟೆ, ಇನ್ನೊಂದು ಚೂರು ಜಾಸ್ತಿ ಹಾಕು ತಾಯಿ ಅಂತ ತೋಳು ಚಾಚುವುದು. ನಾನೂ ಅಮ್ಮನೂ ವರಾಂಡಕ್ಕೆ ಓಡಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ಊತ ಇಳಿಯುತ್ತಿತ್ತಲ್ಲ, ಯಾವುದಕ್ಕೆ ಬೇಕಾದರೂ ನಗು ಬರುತ್ತಿತ್ತು.

ಗಂಡಿನ ಮನೆಯವರು ಗೌರಿಬಿದನೂರು ಕಡೆ ನಗರಗೆರೆಯವರು. ಛತ್ರ ಇಲ್ಲ ಎಂದು ಹೇಳಲು ಅಮ್ಮ ಹೆದರಿ ಹೆದರಿ ಫೋನು ಮಾಡಿದಳು.

"ಪೋನೀ ಬಿಡಮ್ಮಾ" ಅಂದರು ನನ್ನ ಅತ್ತೆಯಾಗುವವರು, ಅರ್ಧ ತೆಲುಗಿನಲ್ಲೇ. "ಛತ್ರ ಏನು ಸಂಸಾರ ಮಾಡ್ತದಾ? ಬೀಗರು ಕಾಲ ಮೇಲೆ ನಿಂತ್ಕೊಂಡು ಧಾರೆ ಎರೆದ್ರೆ ಸಾಕು."

ಅಪ್ಪನಿಗೆ ಮಾತ್ರ, ಮದುವೆ ವಿದುರಾಶ್ವತ್ಥದ ದೇವಸ್ಥಾನದಲ್ಲೇ ಆಗಬೇಕಂತೆ, ಗಂಡಿನವರದೇನೋ ಹರಕೆಯಂತೆ ಎಂದೆವು. ಆಗಲಿ ಅಂದ. ಆನೆಗಳ ಸುದ್ದಿಯನ್ನೇ ಎತ್ತಲಿಲ್ಲ.

ಅಂತೂ ಒಂದು ಟೆಂಪೋದಲ್ಲಿ ಒಬ್ಬರ ತೊಡೆಯ ಮೇಲೊಬ್ಬರು ಕೂತು ಹೊರಟೆವು. ದಾರಿಯುದ್ದಕ್ಕೂ ನನ್ನ ದೊಡ್ಡಮ್ಮನ ಸೋಬಾನೆ, ಡ್ರೈವರನ ಹಾರನ್ನು. ಮಾಲೆ ಹಾಕುವಾಗ ನನ್ನ ಗಂಡನ ಪೇಟ ಜಾರಿ ಮೂಗಿನ ಮೇಲೆ ಕೂತಿತು, ನಾನು ನಕ್ಕ ರಭಸಕ್ಕೆ ಬಾಸಿಂಗವೇ ಕಳಚಿತು. ಆದರೆ ಅಪ್ಪ ಧಾರೆಯ ಚೊಂಬು ಹಿಡಿದು ನಿಂತಾಗ ನಾನು ಕೆಳಗೆ ನೋಡಿದೆ. ಎರಡು ಕಾಲು. ಒಂದು ಸ್ವಲ್ಪ ಕಪ್ಪಗೆ, ಸೊಟ್ಟಗೆ, ಆದರೂ ನೆಲಕ್ಕೆ ಊರಿ ನಿಂತಿತ್ತು. ದೇವರೇ, ನನಗಾದ ಸಂತೋಷ ಯಾವ ಆನೆಯ ಬೆನ್ನಿಗೂ ಹೊರಲಾಗುತ್ತಿರಲಿಲ್ಲ.

ತಾಳಿ ಕಟ್ಟಿದ ಮೇಲೆ ಇಬ್ಬರೂ ಅಪ್ಪನ ಕಾಲಿಗೆ ಬಗ್ಗಿದೆವು. ನನ್ನ ಗಂಡ ಕೈ ಚಾಚುತ್ತಿದ್ದಂತೆ ಅಪ್ಪ ಬಲಗಾಲನ್ನು ಜೋಪಾನವಾಗಿ ಮುಂದಿಟ್ಟು, ನಮ್ಮಿಬ್ಬರಿಗೆ ಮಾತ್ರ ಕೇಳುವಂತೆ ಅಂದ.

"ಇದನ್ನ ಮೆತ್ತಗೆ ಮುಟ್ಟಪ್ಪ. ಇದು ನಿಮ್ಮ ಛತ್ರ."

ಅಂದರೆ ಅವನಿಗೆ ಎಲ್ಲ ಗೊತ್ತಿತ್ತು. ನಾನು ಆ ಕಾಲನ್ನು ಎರಡೂ ಕೈಯಲ್ಲಿ ತಬ್ಬಿಕೊಂಡುಬಿಟ್ಟೆ. ಪುರೋಹಿತರು ಏಳಮ್ಮ, ಏಳಮ್ಮ ಅನ್ನುತ್ತಲೇ ಇದ್ದರು.