ಬೇರೆಯವರ ಕೈಯ ಮುದ್ದೆ

ಬಹಳ ದಿನಗಳ ಮೇಲೆ ಹೋದ ತಿಂಗಳು ಕೋಟು ಹೊರತೆಗೆದು ಜೇಬಿಗೆ ಕೈ ಹಾಕಿದೆ. ಯಾವುದೋ ಮದುವೆಯಲ್ಲಿ ಕೊಟ್ಟಿದ್ದ ಕೊಬ್ಬರಿ ಚೂರು ಒಳಗೇ ಉಳಿದು ಕಮಟು ಹಿಡಿದಿತ್ತು. ಆ ವಾಸನೆಗೆ ಹಿಂದೂಪುರದ ನಮ್ಮ ಪಕ್ಕದ ಮನೆಯ ಮಾವ ನೆನಪಾದರು. ಸಂಬಂಧವೇನಿಲ್ಲ. ಬೀದಿಯ ಹುಡುಗರೆಲ್ಲ ಅವರನ್ನು ಮಾವ ಎಂದೇ ಕರೆಯುತ್ತಿದ್ದೆವು.

ಮಾವನಿಗೆ ಚಿಲ್ಲರೆ ಅಂಗಡಿಯಿತ್ತು, ಆದರೆ ಅವರಿಗೆ ಹೆಸರು ಬಂದದ್ದು ನಾಯಿಗಳಿಂದ. ಎಪ್ಪತ್ತರ ದಶಕದ ಕೊನೆ ಇರಬೇಕು. ಕಡ್ಲೆಕಾಯಿ ಕಿತ್ತು ಹೊಲದಲ್ಲೇ ಒಣಗಿಸುವ ಕಾಲಕ್ಕೆ ಕಳ್ಳರು ಮೊದಲು ಕಾವಲು ನಾಯಿಗೆ ವಿಷ ಬೆರೆಸಿದ ಮುದ್ದೆ ಎಸೆಯುತ್ತಿದ್ದರು. ಅದಕ್ಕೇ ಕಲ್ಯಾಣದುರ್ಗ, ಬೆಳುಗುಪ್ಪದ ಕಡೆಯ ರೈತರು ಮರಿಗಳನ್ನು ಬಸ್ಸಿನಲ್ಲಿ ತಂದು ಮಾವನ ಹತ್ತಿರ ಬಿಡುತ್ತಿದ್ದರು. ಬೇರೆಯವರು ಕೊಟ್ಟದ್ದನ್ನು ಮುಟ್ಟದ ಹಾಗೆ ಮಾವ ಕಲಿಸಿ ಕಳಿಸಬೇಕು. ಕಲಿಸುವ ರೀತಿ ಒಂದೇ. ಗುರುತಿಲ್ಲದ ಯಾರಾದರೂ ಮುದ್ದೆ ಹಿಡಿಯುವುದು, ಮರಿ ಬಾಯಿ ಹಾಕಿದ ಕೂಡಲೇ ಮಾವ ಹಿಂದಿನಿಂದ ಹುಣಸೆ ಬರಲಿನಲ್ಲಿ ಬಾರಿಸುವುದು. ಮನುಷ್ಯರ ಜೊತೆ ಕನ್ನಡ ಆಡುತ್ತಿದ್ದವರು ನಾಯಿಗಳ ಜೊತೆ ಮಾತ್ರ ತೆಲುಗು. “ವದ್ದುರಾ, ವದ್ದು,” ಬೇಡ ಕಣೋ ಬೇಡ ಎನ್ನುತ್ತಲೇ ಹೊಡೆಯುತ್ತಿದ್ದರು.

ನಾನು ಆಗಷ್ಟೇ ಮನಃಶಾಸ್ತ್ರದಲ್ಲಿ ಎಂ.ಎ. ಮುಗಿಸಿ ಬಂದಿದ್ದೆ. ಕೆಲಸವಿರಲಿಲ್ಲ, ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಒಂದು ದಿನ ಅವರ ಜಗಲಿಯ ಮೇಲೆ ಕೂತು, ಹೊಡೆದರೆ ಪ್ರಾಣಿ ಹೆದರುವುದನ್ನಷ್ಟೇ ಕಲಿಯುತ್ತದೆ, ಸರಿಯಾಗಿ ಮಾಡಿದಾಗ ಏನಾದರೂ ತಿನ್ನಲು ಕೊಟ್ಟರೆ ಬೇಗ ಕಲಿಯುತ್ತದೆ ಎಂದೆ. ಮಾವ ಬಿದ್ದು ಬಿದ್ದು ನಕ್ಕರು.

“ತಿನ್‌ಬ್ಯಾಡ ಅಂತ ಕಲ್ಸಕ್ಕೆ ತಿನ್ನಕ್ ಕೊಡ್ಬೇಕಾ? ಇದ್ನ ಓದ್ಲಿ ಅಂತಾನಾ ನಿಮ್ಮಪ್ಪ ನಿನ್ನ ಯೂನಿವರ್ಸಿಟಿಗೆ ಕಳ್ಸಿದ್ದು?”

“ಒಂದು ಮರಿ ಕೊಡಿ ಮಾವ, ಮಾಡಿ ತೋರಿಸ್ತೀನಿ.”

“ತಗ. ಕಲ್ಯಾಣದುರ್ಗಕ್ಕೆ, ನಮ್ಮ ಮಗಳ ಮನೆಗೆ ಹೋಗೋ ಮರಿ ಇದು. ಕಂಡೋರ್ ಕೈದು ತಿಂದು ಸತ್‌ಬುಟ್ರೆ ಅವಳ್ ಮುಂದೆ ನೀನೇ ನಿಂತ್ಕಬೇಕು ಕಣಪ್ಪ.”

ಮಾವನ ಮನೆಯಲ್ಲಿ ಮಾಂಸ, ಮೀನು ಹೊಸ್ತಿಲು ದಾಟುವಂತಿರಲಿಲ್ಲ. ಹಾಗಾಗಿ ಕೊಬ್ಬರಿ ಚೂರುಗಳನ್ನು ಜೇಬಿಗೆ ತುಂಬಿಕೊಂಡೆ. ದಾರಿಯಲ್ಲಿ ಹೋಗುವವರನ್ನು ಕರೆದು ಮುದ್ದೆಯನ್ನು ಮುಷ್ಟಿಯೊಳಗೆ ಹಿಡಿಯಲು ಹೇಳುತ್ತಿದ್ದೆ. ಮರಿ ಮುಷ್ಟಿಯನ್ನು ಮೂಸಿ, ನೆಕ್ಕಿ, ಸೋತು ನನ್ನ ಕಡೆ ತಿರುಗಿದರೆ ಕೊಬ್ಬರಿ. ಆಮೇಲೆ ಅಂಗೈ ಬಿಚ್ಚಿ ಹಿಡಿಸಿದೆ.

“ನಮ್ಮೋಳು ಚಟ್ನಿಗೇ ಕೊಬ್ರಿ ಇಲ್ಲ ಅಂತಾಳೆ. ಇಲ್ಲಿ ನಾಯಿಗೆ ದಿನಾ ಹಬ್ಬ,” ಎಂದು ಮಾವ ಗೇಲಿ ಮಾಡುತ್ತಿದ್ದರು. ನನಗೆ ಗೊತ್ತಿಲ್ಲದ ಹಾಗೆ ತಾವೂ ಕೊಬ್ಬರಿ ಕೊಡಲು ಶುರು ಮಾಡಿದ್ದರು. ಮರಿ ಕಲಿಯಲು ಎಷ್ಟು ದಿನ ಹಿಡಿಯಿತೋ ಸರಿಯಾಗಿ ಹೇಳಲಾರೆ. ಗೆದ್ದ ಕಥೆಯನ್ನು ಎಲ್ಲೆಲ್ಲೋ ಹೇಳಿಕೊಂಡು ತಿರುಗುವಾಗ ನಾನೇ ದಿನಗಳನ್ನು ಕಡಿಮೆ ಮಾಡಿರಬಹುದು...

ಕೊನೆಗೊಂದು ಸಂಜೆ ಪರೀಕ್ಷೆ. ಕೊಡಿಕೊಂಡದಿಂದ ಅಂಗಡಿಗೆ ಸಾಮಾನು ತಂದಿದ್ದ ಲಾರಿ ಡ್ರೈವರ್, ಮರಿ ಎಂದೂ ನೋಡದವನು, ತುಪ್ಪ ಸವರಿದ ಮುದ್ದೆಯನ್ನು ಅದರ ಮುಂದೆ ನೆಲಕ್ಕೇ ಹಾಕಿದ. ಬೀದಿಯೆಲ್ಲ ನೋಡುತ್ತಿತ್ತು. ಮರಿ ಮೂಸಿತು, ಜೊಲ್ಲು ಸುರಿಸಿತು. ಆಮೇಲೆ ಮುದ್ದೆಯನ್ನು ಅಲ್ಲೇ ಬಿಟ್ಟು, ಬಾಲ ಅಲ್ಲಾಡಿಸುತ್ತ ಬಂದು ಮಾವನ ಮುಂದೆ ಕೂತಿತು.

ಎಲ್ಲರೂ ಹೋದ ಮೇಲೆ ಮಾವ ಜಗಲಿಯ ಕೆಳಗೆ ಮಲಗಿದ್ದ ತಮ್ಮ ಹಳೆಯ ನಾಯಿಯನ್ನೇ ನೋಡುತ್ತ ಕೂತರು. ಕಲಿಸುವಾಗ ಬರಲಿನ ಏಟು ತಗುಲಿ ಅದರ ಒಂದು ಕಣ್ಣು ಹೋಗಿತ್ತು. ಹಾಗೆಂದು ಅವರೇ ಹೇಳಿದ್ದರೋ, ಬೀದಿಯವರು ಹೇಳಿದ್ದೋ... ಕಣ್ಣು ಹೋಗಿದ್ದಂತೂ ನಿಜ.

“ನಾನು ಸಣ್ಣೋನಿದ್ದಾಗ ನಮ್ಮನೆ ನಾಯಿ ಯಾವನೋ ಹಾಕಿದ್ದ ಮುದ್ದೆ ತಿಂದು ನನ್ ಕಣ್ಮುಂದೇನೆ ಒದ್ದಾಡ್ಕೊಂಡು ಹೋಯ್ತು,” ಎಂದರು. “ಇವಾದ್ರೂ ಬದುಕ್ಲಿ ಅಂತ ಹೊಡೀತಿದ್ದೆ. ಈಗ ನೋಡುದ್ರೆ... ಇಷ್ಟ್ ನಾಯಿಗೂ ಹೊಡ್ದಿದ್ದು ಸುಮ್‌ಸುಮ್ನೇನಾ ಕಣಪ್ಪ?”

“ಹೌದು ಮಾವ, ಸುಮ್ನೆ,” ಎಂದೆ.

ನಕ್ಕೆನೆಂದೂ ನೆನಪು. ನಗಲಿಲ್ಲ ಎಂದು ನಂಬಲು ಎಷ್ಟೋ ಸಲ ನೋಡಿದ್ದೇನೆ, ಆಗಿಲ್ಲ. ನಾಯಿಗೆ ಹೊಡೆದು ಕಲಿಸಬೇಕಿಲ್ಲ ಎಂದು ಇವತ್ತೂ ಹೇಳುತ್ತೇನೆ. ಆದರೆ ಆ ಸಂಜೆ ಅವರ ಪಕ್ಕದಲ್ಲೇ ಕೂತಿದ್ದೆ. ನಿಮಗೆ ಗೊತ್ತಿರಲಿಲ್ಲ ಮಾವ, ಹೆದರಿ ಹೊಡೆದಿರಿ, ಎಂದು ಒಂದು ಮಾತು ಸೇರಿಸಬಹುದಿತ್ತು. ಗೆದ್ದ ಉಬ್ಬಿನಲ್ಲಿ ಅದು ಬಾಯಿಗೆ ಬರಲಿಲ್ಲ.

ಮುಂದೆ ರೈತರು ಮರಿ ತಂದರೆ ಮಾವ, “ನಂಗ್ ಬರಲ್ಲ ಕಣಪ್ಪ,” ಎಂದು ವಾಪಸು ಕಳಿಸುತ್ತಿದ್ದರಂತೆ. ಹಳೆಯ ನಾಯಿ ಕಾಲಿನ ಹತ್ತಿರ ಬಂದರೆ ಎದ್ದು ಒಳಗೆ ಹೋಗಿಬಿಡುತ್ತಿದ್ದರಂತೆ. ಅಷ್ಟರಲ್ಲಿ ನನಗೆ ದೂರದ ಕಾಲೇಜಿನಲ್ಲಿ ಕೆಲಸ ಸಿಕ್ಕಿತ್ತು. ಇದನ್ನೆಲ್ಲ ಅಪ್ಪ ಹೇಳಿದಾಗ, ವಯಸ್ಸಾಯಿತಲ್ಲ ಎಂದು ಸುಮ್ಮನಾದೆ. ತೊಂಬತ್ತರ ದಶಕದಲ್ಲಿ ಮಾವ ಹೋದರು. ನಾನು ಮಣ್ಣಿಗೂ ಹೋಗಲಿಲ್ಲ.

ಹೋದ ವಾರ ಕಲ್ಯಾಣದುರ್ಗಕ್ಕೆ ಹೋಗಿ ಅವರ ಮಗಳನ್ನು ನೋಡಿದೆ. ಅಕ್ಕನಿಗೂ ಈಗ ಮಂಡಿನೋವು.

“ನೀನು ಕಲ್ಸಿದ್ ನಾಯಿ ಮುದಿಯಾಗಿ, ಮಲ್ಗಿದ್ ಕಡೇನೆ ಹೋಯ್ತು ಕಣಪ್ಪ. ಒಂದ್ ದಿನಾನೂ ಕಂಡೋರ್ ಕೈದು ಮುಟ್ಲಿಲ್ಲ,” ಎಂದರು. ಮಂಡಿ ನೀವಿಕೊಳ್ಳುತ್ತ ಕೇಳಿದರು, “ಅಪ್ಪ ಯಾಕೋ ಆಮ್ಯಾಕೆ ಒಂದ್ ಮರೀನೂ ಮುಟ್ಲಿಲ್ಲ. ಕೇಳುದ್ರೆ ಬಾಯೇ ಬಿಡ್ತಿರ್ಲಿಲ್ಲ. ನಿಂಗೇನಾದ್ರೂ ಹೇಳಿದ್ರಾ?”

“ಇಲ್ಲಕ್ಕ,” ಎಂದೆ. “ನಂಗೇನೂ ಹೇಳಿಲ್ಲ.”

ಅಕ್ಕ ಗೋಡೆ ಹಿಡಿದುಕೊಂಡು ಎದ್ದು ಕಾಫಿ ತರಲು ಒಳಗೆ ಹೋದರು. ಅವರು ಬರುವಷ್ಟರಲ್ಲಿ ಆ ಸಂಜೆಯದನ್ನು ಹೇಗೆ ಹೇಳಲಿ ಎಂದು ಮಾತು ಜೋಡಿಸಿಕೊಂಡೆ. ಅವರು ಲೋಟ ಕೈಗಿಟ್ಟರು. ಕುಡಿದು, ಬಸ್ಸಿಗೆ ಹೊತ್ತಾಯಿತೆಂದು ಹೇಳಿ ಎದ್ದು ಬಂದೆ.